ಕಡಲ್ಗಳ್ಳರ ದ್ವೀಪ ಕಟ್ಟಿದ್ದು: ನೀರು ಇಳಿಸಿದ ಮೇಲೆಯೇ ಕೆಲಸ ಆಯ್ತು

ಮೊದಲೇ ಹೇಳಿಬಿಡುತ್ತೇನೆ, ಇದು ಮಲ್ಪೆಯ ಸೇಂಟ್ ಮೇರೀಸ್ ಅಲ್ಲ. ನಾನು ಮಾಡಿದ ಕಡಲ್ಗಳ್ಳರ ಕಂಪ್ಯೂಟರ್ ಗೇಮು ಯಾವ ದ್ವೀಪದ್ದು ಅಂತ ಹೇಳಿದ ಕೂಡಲೇ ಅರ್ಧ ಜನ "ಓ, ಉಡುಪಿ ಹತ್ತಿರದ್ದಾ, ಆ ಕಲ್ಲುಕಂಬದ ದ್ವೀಪ?" ಅಂತಾರೆ. ಇದು ಸಾಂತ್ ಮರೀ. ಮಡಗಾಸ್ಕರ್‌ನ ಪೂರ್ವ ಕರಾವಳಿಗೆ ಅಂಟಿಕೊಂಡ ಹಾಗೆ ಉದ್ದಕ್ಕೆ ಮಲಗಿರುವ ದ್ವೀಪ. ಅಲ್ಲಿನವರ ಬಾಯಲ್ಲಿ ನೋಸಿ ಬೊರಾಹಾ. ಸುಮಾರು 60 ಕಿಲೋಮೀಟರ್ ಉದ್ದ, ಅಗಲ ಎಲ್ಲೂ ಹತ್ತು ದಾಟುವುದಿಲ್ಲ. ಮ್ಯಾಪಿನಲ್ಲಿ ನೋಡಿದರೆ ಥೇಟ್ ಪಡವಲಕಾಯಿ. ತಮಾಷೆ ಏನಂದ್ರೆ ಮಲ್ಪೆಯ ಆ ಕಲ್ಲುಕಂಬಗಳು ಹುಟ್ಟಿದ್ದೇ ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋಗುವಾಗ, ಸುಮಾರು 8.8 ಕೋಟಿ ವರ್ಷದ ಹಿಂದೆ. ಹಾಗಾಗಿ ಗೊಂದಲ ಮಾಡಿಕೊಂಡವರನ್ನು ನಾನು ಪೂರ್ತಿ ತಪ್ಪು ಅನ್ನುವುದಿಲ್ಲ.

2021ರ ಲಾಕ್‌ಡೌನ್ ಮುಗಿಯುವ ಹೊತ್ತಿಗೆ ಶುರು ಮಾಡಿದ್ದು. ಆಗ ಎಲ್ಲರೂ ಒಂದೇ ಮಾತು ಹೇಳಿದರು. ಕಡಲ್ಗಳ್ಳರ ಗೇಮು ಅಂದ್ರೆ ಕೆರಿಬಿಯನ್. 1987ರ 'ಸಿಡ್ ಮೀಯರ್ಸ್ ಪೈರೇಟ್ಸ್' ಗೇಮಿನ ಕಾಲದಿಂದಲೂ ಅಲ್ಲಿನ ಕಳ್ಳರ ನೆಲೆಗಳಾದ ಟೋರ್ಟುಗಾ, ಪೋರ್ಟ್ ರಾಯಲ್. 2013ರಲ್ಲಿ 'ಬ್ಲ್ಯಾಕ್ ಫ್ಲ್ಯಾಗ್' ಬಂದು ನಸ್ಸಾವನ್ನು ಎಷ್ಟು ಚೆನ್ನಾಗಿ ತೋರಿಸಿತು ಅಂದ್ರೆ, ಆಮೇಲೆ ಬಂದವರೆಲ್ಲ ಅದೇ ತೆಂಗಿನಮರ, ಅದೇ ಮರಳು, ಅದೇ ಮದ್ಯದಂಗಡಿ ಮಾಡಿದರು. ಅಸೆಟ್ ಪ್ಯಾಕ್ (ಗೇಮಿಗೆ ಹಾಕಲು ಸಿದ್ಧ ಮಾಡಿಟ್ಟ ಮರ, ಮನೆ, ಸಾಮಾನು) ಸಿಗುವುದೂ ಅದಕ್ಕೇ. ನನ್ನ ಜೊತೆ ಹಿಂದೆ ಕೆಲಸ ಮಾಡಿದ್ದ ಒಬ್ಬ ಫೋನಿನಲ್ಲಿ ಬೈದೇಬಿಟ್ಟ. "ಮಾರಾಯಾ, ಯಾರೂ ಕೇಳದ ದ್ವೀಪ ತಗೊಂಡು, ಅದರಲ್ಲೂ ನೀರು ಇಳಿಯುತ್ತೆ ಏರುತ್ತೆ ಅಂತೀಯ. ಆಡುವವನಿಗೆ ಹಡಗು ಬೇಕು, ಕೆಸರಲ್ಲ." ಈ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನನಗೆ ಬೇಕಾಗಿದ್ದದ್ದೇ ಕೆಸರು.

ಯಾಕೆ ಅಂತ ಹೇಳುತ್ತೇನೆ. ನಾನು ಕುಮಟಾ ಕಡೆಯವನು. ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಜನ ಇಳಿದು ಚಿಪ್ಪು ಹೆಕ್ಕುವುದನ್ನು ನೋಡಿಕೊಂಡೇ ಬೆಳೆದವನು. ಬೆಳಿಗ್ಗೆ ದೋಣಿ ಹೋದ ಜಾಗದಲ್ಲಿ ಮಧ್ಯಾಹ್ನ ನಡೆದುಕೊಂಡು ಹೋಗಬಹುದು. ಸಮುದ್ರದ ಗೇಮು ಆಡುವಾಗೆಲ್ಲ ನನಗೆ ಒಂದೇ ಕಿರಿಕಿರಿ. ನೀರು ಬಾತ್‌ಟಬ್ಬಿನ ಹಾಗೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಅಲೆ ಮಾತ್ರ ಚಂದ. ಕಡಲ್ಗಳ್ಳರಿಗೆ ದ್ವೀಪ ಬೇಕಾಗಿದ್ದದ್ದು ನಿಧಿ ಹೂಳುವುದಕ್ಕಲ್ಲ, ಹಡಗಿನ ತಳ ಕೆರೆಯುವುದಕ್ಕೆ. ಮರದ ಹಡಗಿಗೆ ಬಿಸಿನೀರಿನ ಸಮುದ್ರದಲ್ಲಿ ಕೆಲವೇ ತಿಂಗಳಲ್ಲಿ ತಳದ ತುಂಬ ಚಿಪ್ಪು, ಪಾಚಿ, ಮರ ಕೊರೆಯುವ ಹುಳ. ಓಟ ಕಡಿಮೆಯಾಗುತ್ತದೆ. ಓಟ ಇಲ್ಲದ ಕಳ್ಳ ಎಂಥ ಕಳ್ಳ? ಹಾಗಾಗಿ ಉಬ್ಬರದಲ್ಲಿ ಹಡಗನ್ನು ದಡಕ್ಕೆ ತಂದು, ತೋಪು ಸಾಮಾನು ಎಲ್ಲ ಇಳಿಸಿ, ಮಗ್ಗುಲಿಗೆ ವಾಲಿಸಿ, ಇಳಿತದಲ್ಲಿ ಒಂದು ಕಡೆ ಕೆರೆದು, ಬೆಂಕಿಯಲ್ಲಿ ಸುಟ್ಟು, ಕೊಬ್ಬು ಗಂಧಕ ಬಳಿಯಬೇಕು. ನಮ್ಮ ಕಡೆ ದೋಣಿಗೆ ಗೇರು ಎಣ್ಣೆ ಬಳಿಯುತ್ತಿದ್ದ ಹಾಗೆ. ಆ ಹೊತ್ತಿನಲ್ಲಿ ಯಾರಾದರೂ ಬಂದರೆ ಮುಗೀತು. ಮೂವತ್ತು ತೋಪಿನ ಹಡಗು ಮಗ್ಗುಲಾಗಿ ಮಲಗಿದ ಎಮ್ಮೆ. ಇದಕ್ಕಿಂತ ಒಳ್ಳೆಯ ಗೇಮ್ ಲೆವೆಲ್ ಯಾರಿಗೆ ಬೇಕು?

ಸಾಂತ್ ಮರೀ ಇದಕ್ಕೆ ಹೇಳಿ ಮಾಡಿಸಿದ ಜಾಗ. ಪೂರ್ವಕ್ಕೆ ಹವಳದ ದಿಬ್ಬ, ಆಗ್ನೇಯದ ಗಾಳಿ. ಪಶ್ಚಿಮಕ್ಕೆ ಶಾಂತವಾದ ಕಾಲುವೆ, ಅಲ್ಲೇ ಈಗಿನ ಅಂಬೊಡಿಫೊಟಾತ್ರ ಪಟ್ಟಣದ ಪಕ್ಕ ಒಂದು ಕೊಲ್ಲಿ. ಕೊಲ್ಲಿಯ ಬಾಯಿಗೆ ಇಲೋ ಮದಾಮ್ ಅನ್ನುವ ಪುಟ್ಟ ನಡುಗಡ್ಡೆ, ಒಳಗೆ ಇನ್ನೊಂದು ನಡುಗಡ್ಡೆ, ಅದರ ಹೆಸರೇ 'ಕಡಲ್ಗಳ್ಳರ ದ್ವೀಪ'. ಆಚೆ ದಡದ ಗುಡ್ಡದಲ್ಲಿ ಕಡಲ್ಗಳ್ಳರದ್ದು ಅನ್ನುವ ಸ್ಮಶಾನ. ಅದಕ್ಕೆ ನಡೆದು ಹೋಗುವ ದಾರಿ ಇಳಿತದಲ್ಲಿ ಮಾತ್ರ. ಇಷ್ಟು ಓದಿದ ದಿನವೇ ನಾನು ಟೋರ್ಟುಗಾ ಫೋಲ್ಡರ್ ಡಿಲೀಟ್ ಮಾಡಿದೆ. (ಅದರಲ್ಲಿ ಎರಡು ತಿಂಗಳ ಕೆಲಸ ಇತ್ತು. ಈಗ ಸ್ವಲ್ಪ ಹೊಟ್ಟೆ ಉರಿಯುತ್ತದೆ.)

ಮೊದಲ ಸೋಲು ಅಳತೆಯದ್ದು. 60 ಕಿಲೋಮೀಟರ್ ದ್ವೀಪವನ್ನು ಗೇಮಿನಲ್ಲಿ ಹಾಗೇ ಇಟ್ಟರೆ, ಐದಾರು ನಾಟ್ (ಗಂಟೆಗೆ ಸುಮಾರು ಹತ್ತು ಕಿಲೋಮೀಟರ್) ವೇಗದಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಆರು ಗಂಟೆ. ಎಲ್ಲವನ್ನೂ ಹನ್ನೆರಡನೇ ಒಂದು ಪಾಲಿಗೆ ಕುಗ್ಗಿಸಿದೆ. ಉದ್ದ 5 ಕಿಲೋಮೀಟರ್ ಆಯ್ತು, ಸರಿ. ಆದರೆ ಕೊಲ್ಲಿ ಎಲ್ಲಿ? ನನ್ನ ಹಡಗು ಒಳಗೆ ಹೋದರೆ ತಿರುಗುವುದಕ್ಕೂ ಜಾಗ ಇಲ್ಲ. ಇಲೋ ಮದಾಮ್ ಒಂದು ಬಸ್‌ಸ್ಟ್ಯಾಂಡಿನಷ್ಟು. ಹಡಗನ್ನೂ ಚಿಕ್ಕದು ಮಾಡಿದೆ, ಆಗ ಮನುಷ್ಯರು ಹಡಗಿಗಿಂತ ದೊಡ್ಡವರಾದರು. ಮೂರು ವಾರ ಹೀಗೇ ಹೋಯ್ತು.

ಕೊನೆಗೆ ಮಾಡಿದ್ದು ಇಷ್ಟೇ. ಕೊಲ್ಲಿಯನ್ನು ಅರ್ಧ ಅಳತೆಯಲ್ಲಿ ಇಟ್ಟೆ. ಉಳಿದ ಮೈಯನ್ನು ಉದ್ದಕ್ಕೆ ಮಾತ್ರ ಹಿಸುಕಿದೆ, ಅಗಲಕ್ಕೆ ಅಷ್ಟು ಹಿಸುಕಲಿಲ್ಲ, ಎತ್ತರ ಮುಟ್ಟಲೇ ಇಲ್ಲ. ಅಲ್ಲಿ ಹೇಗೂ ದೊಡ್ಡ ಬೆಟ್ಟ ಇಲ್ಲ, ತಗ್ಗು ಗುಡ್ಡಗಳು. ಕುಗ್ಗಿಸಿದರೆ ಇಡ್ಲಿ ತಟ್ಟೆಯ ಹಾಗೆ ಕಾಣುತ್ತದೆ. ಮ್ಯಾಪ್ ತೆಗೆದು ನೋಡಿದವರಿಗೆ ಪಡವಲಕಾಯಿ ಈಗ ಸೊಟ್ಟ ಸೌತೆಕಾಯಿಯಾಗಿದೆ ಅಂತ ಗೊತ್ತಾಗುತ್ತದೆ. ಹಡಗಿನ ಮೇಲೆ ನಿಂತವನಿಗೆ ಗೊತ್ತಾಗುವುದಿಲ್ಲ. ಮಡಗಾಸ್ಕರ್ ನೋಡಿ ಬಂದ ಒಬ್ಬರಿಗೆ ಆಡಿಸಿದೆ, ಅವರು "ಪಟ್ಟಣದ ಹತ್ತಿರ ಬರುವಾಗ ಸರಿಯಾಗಿ ಹೀಗೇ ಕಾಣುತ್ತೆ" ಅಂದರು. ಅವತ್ತು ರಾತ್ರಿ ಬಿರಿಯಾನಿ.

ಎರಡನೇ ಸೋಲಿಗೆ ನಾನು ಏಳು ತಿಂಗಳು ಕೊಟ್ಟಿದ್ದೇನೆ. ದಡದ್ದು.

ಎತ್ತರದ ಡೇಟಾ ಎಲ್ಲರ ಹಾಗೆ ಎಸ್‌ಆರ್‌ಟಿಎಂ. 2000ನೇ ಇಸವಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದದ್ದು, 30 ಮೀಟರಿಗೆ ಒಂದು ಚುಕ್ಕಿ, ಪುಕ್ಕಟೆ. ನಕ್ಷೆಯ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಕತ್ತರಿಸಿ, ಗೇಮ್ ಕಟ್ಟುವ ಸಾಫ್ಟ್‌ವೇರ್ ಯೂನಿಟಿಗೆ ಹಾಕಿದೆ. ಮೊದಲ ಸಲ ದ್ವೀಪ ಪೂರ್ತಿ ಮೆಟ್ಟಿಲು ಮೆಟ್ಟಿಲಾಗಿ ಬಂತು, ಘಟ್ಟದ ಗದ್ದೆಯ ಹಾಗೆ. 8 ಬಿಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದೆ, ಅಂದರೆ ಎತ್ತರಕ್ಕೆ 256 ಹಂತ ಮಾತ್ರ. ನಗಬೇಡಿ, ನೀವೂ ಮಾಡಿರುತ್ತೀರಿ. 16 ಬಿಟ್ ರಾ ಮಾಡಿದ ಮೇಲೆ ಗುಡ್ಡ ನುಣುಪಾಯ್ತು. ಆದರೆ ದಡ ಸರಿಯಾಗಲಿಲ್ಲ. ಯಾಕಂದ್ರೆ ಮೂಲದಲ್ಲೇ ಎತ್ತರ ಪೂರ್ಣ ಮೀಟರ್ ಲೆಕ್ಕದಲ್ಲಿದೆ. 0, 1, 2. ನನ್ನ ಗೇಮಿನ ಇಡೀ ಉಬ್ಬರ ಇಳಿತವೇ ಒಂದೂವರೆ ಮೀಟರ್. ಅಂದರೆ ನೀರು ಇಳಿಸಿದರೆ ಏನೂ ಆಗುವುದಿಲ್ಲ, ಆಗುವುದಿಲ್ಲ, ಆಮೇಲೆ ಒಮ್ಮೆಲೇ ಅರ್ಧ ಕೊಲ್ಲಿ ಒಣಗುತ್ತದೆ. ಯಾರೋ ಬಚ್ಚಲಿನ ಬಿರಡೆ ಕಿತ್ತ ಹಾಗೆ.

ಮೇಲಿಂದ ರೇಡಾರಿಗೆ ಕಾಡಿನ ಕೆಳಗಿನ ನೆಲ ಕಾಣುವುದಿಲ್ಲ. ದಡದಲ್ಲಿ ಮರ ಇರುವಲ್ಲಿ ಮರದ ತಲೆಯೇ ನೆಲ. ನನ್ನ ದಡದ ಸುತ್ತ ಏಳೆಂಟು ಮೀಟರಿನ ಗೋಡೆ ಎದ್ದಿತ್ತು. ಎರಡು ದಿನ ಇದು ಹವಳದ ಬಂಡೆ ಇರಬೇಕು ಅಂದುಕೊಂಡೆ. ಅಲ್ಲ, ತೆಂಗಿನಮರದ ತಲೆ.

ನೀರಿನ ಕೆಳಗಿನದ್ದಕ್ಕೆ ಜೆಬ್ಕೋ ನೋಡಿದೆ. ಸಮುದ್ರದ ಆಳಕ್ಕೆ ಎಲ್ಲರೂ ಅದನ್ನೇ ಬಳಸುತ್ತಾರೆ, ದೂರದ ಸಮುದ್ರಕ್ಕೆ ಚೆನ್ನಾಗಿಯೇ ಇದೆ. ಆದರೆ ಒಂದು ಚೌಕ ಅಂದ್ರೆ ಹತ್ತಿರ ಹತ್ತಿರ 450 ಮೀಟರ್. ಇಲೋ ಮದಾಮ್ ಪೂರ್ತಿ ಒಂದು ಚೌಕದೊಳಗೆ ಮಾಯ. ಕೊಲ್ಲಿಗೆ ನಾಲ್ಕೈದು ಚೌಕ. ಅದರಲ್ಲಿ ಎರಡು 'ನೆಲ' ಅಂತ ಹೇಳುತ್ತಿತ್ತು.

ಇಲ್ಲಿ ಒಂದು ಪೆದ್ದತನ ಮಾಡಿದೆ. ಹೊರಗಿನ ಒಬ್ಬರಿಗೆ ಕೊಲ್ಲಿಯನ್ನು ಕೈಯಲ್ಲೇ ಕೆತ್ತಿ ಕೊಡಿ ಅಂತ 40 ಸಾವಿರ ಕೊಟ್ಟೆ. ಬಂದದ್ದು ನೋಡಲು ಬಹಳ ಚಂದ. ಪೋಸ್ಟ್‌ಕಾರ್ಡ್. ನೀರು ಇಳಿಸಿದರೆ ಮಾತ್ರ ಎಲ್ಲ ಕಡೆ ಒಂದೇ ಇಳಿಜಾರು, ತಟ್ಟೆಯ ಅಂಚಿನ ಹಾಗೆ. ಕೆಸರಿನ ಮೇಲೆ ನೀರು ಹಾಗೆ ಇಳಿಯುವುದಿಲ್ಲ ಅಲ್ವಾ? ಮೊದಲು ನಡುವೆ ಎಲ್ಲೋ ಒಂದು ದಿಬ್ಬದ ಬೆನ್ನು ಕಾಣುತ್ತದೆ. ಆಮೇಲೆ ಬಳ್ಳಿಯ ಹಾಗೆ ಕಾಲುವೆಗಳು. ದಡದ ಹತ್ತಿರ ಒಂದು ಹೊಂಡ ಕೊನೆಯವರೆಗೂ ನೀರು ಹಿಡಿದುಕೊಂಡಿರುತ್ತದೆ. ಇದನ್ನು ನೋಡದವರಿಗೆ ವಿವರಿಸಲು ಆಗುವುದಿಲ್ಲ. ಅವರ ತಪ್ಪಲ್ಲ, ದುಡ್ಡು ಮಾತ್ರ ನನ್ನದು.

ಕೊನೆಗೆ ಕೆಲಸ ಮಾಡಿದ್ದು ಇದು. ಸೆಂಟಿನೆಲ್ 2 ಉಪಗ್ರಹದ ಚಿತ್ರಗಳು ಪುಕ್ಕಟೆ ಸಿಗುತ್ತವೆ, 10 ಮೀಟರಿನ ಪಿಕ್ಸೆಲ್, ಐದು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತದೆ. ಬರುವ ಹೊತ್ತು ಯಾವಾಗಲೂ ಒಂದೇ, ಬೆಳಗಿನ ಹತ್ತು ಹತ್ತೂವರೆ. ಆದರೆ ಸಮುದ್ರ ಗಡಿಯಾರ ನೋಡುವುದಿಲ್ಲ. ಒಂದು ದಿನ ಹತ್ತೂವರೆಗೆ ಉಬ್ಬರ, ಇನ್ನೊಂದು ದಿನ ಅದೇ ಹೊತ್ತಿಗೆ ಇಳಿತ. ಅಂದರೆ ಒಂದೊಂದು ಚಿತ್ರದಲ್ಲಿ ನೀರಿನ ಅಂಚು ಒಂದೊಂದು ಕಡೆ. ಆ ಅಂಚುಗಳನ್ನೆಲ್ಲ ಗೆರೆ ಎಳೆದು ಒಂದರ ಮೇಲೊಂದು ಇಟ್ಟರೆ? ಅದೇ ಎತ್ತರದ ಗೆರೆಗಳು. ದಡ ತನ್ನ ನಕ್ಷೆಯನ್ನು ತಾನೇ ಬರೆದುಕೊಟ್ಟ ಹಾಗೆ. ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನ (ನಿಯರ್ ಇನ್‌ಫ್ರಾರೆಡ್) ಚಿತ್ರ ತೆಗೆದುಕೊಳ್ಳಿ, ನೀರು ಕಪ್ಪಗೆ ಕಾಣುತ್ತದೆ, ಗೆರೆ ಎಳೆಯುವುದು ಸುಲಭ. ಇದು ನಾನು ಕಂಡುಹಿಡಿದದ್ದಲ್ಲ, ಕರಾವಳಿ ಅಳೆಯುವವರು ಹಳೆಯ ಕಾಲದಿಂದ ಮಾಡುತ್ತಾರೆ. ಗೇಮಿಗೆ ಯಾರೂ ಮಾಡಿದ್ದು ನಾನಂತೂ ನೋಡಿಲ್ಲ.

ಇದನ್ನು ಹೇಳಿದಾಗಲೂ ನಕ್ಕರು. "10 ಮೀಟರ್ ಪಿಕ್ಸೆಲ್‌ನಲ್ಲಿ ಕಾಲಿಟ್ಟು ನಡೆಯುವ ದಡ ಮಾಡ್ತೀಯಾ?" ಅಂತ. ನ್ಯಾಯವೇ. ಇನ್ನೊಂದು ತೊಂದರೆ ಮೋಡ. ಅದು ವರ್ಷವಿಡೀ ಮಳೆ ಬರುವ ಕರಾವಳಿ. ಇನ್ನೂರಕ್ಕೂ ಜಾಸ್ತಿ ಚಿತ್ರ ತೆಗೆದು ನೋಡಿರಬೇಕು, ಕೊಲ್ಲಿಯ ಮೇಲೆ ಮೋಡ ಇಲ್ಲದ್ದು ಹದಿನಾಲ್ಕೋ ಹದಿನೈದೋ ಸಿಕ್ಕಿತು. ಅದರಲ್ಲಿ ಒಂಬತ್ತು ಬಳಸಿದೆ. ಒಂಬತ್ತು ಗೆರೆ. ಅಷ್ಟು ಸಾಕು. ಈಗಿನ ಕಾಲುದಾರಿಯ ಕಟ್ಟೆ ಇಲೋ ಮದಾಮನ್ನು ಎರಡೂ ದಡಕ್ಕೆ ಸೇರಿಸಿದೆ, ಅದನ್ನು ಅಳಿಸಿದೆ. ಕೊಲ್ಲಿಗೇ ಬೇರೆ ಟೆರೇನ್ (ಗೇಮಿನ ನೆಲ) ತುಂಡು ಮಾಡಿದೆ, ಗೇಮಿನ ಒಂದು ಕಿಲೋಮೀಟರಿಗೆ 4097 ಚುಕ್ಕಿ, ಅಂದರೆ ಸುಮಾರು 25 ಸೆಂಟಿಮೀಟರಿಗೆ ಒಂದು. ಗೆರೆ ಮತ್ತು ಗೆರೆಯ ನಡುವಿನ ಜಾಗ ಅಘನಾಶಿನಿಯ ನೆನಪಿನಿಂದ ತುಂಬಿದೆ. ಬಳ್ಳಿ ಕಾಲುವೆ, ಹೊಂಡ, ಏಡಿಯ ಗುಪ್ಪೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಸುತ್ತ ಎದ್ದ ಮಣ್ಣು.

ಈ ತುಂಡನ್ನು ದೊಡ್ಡ ದ್ವೀಪಕ್ಕೆ ಹೊಲಿಗೆ ಕಾಣದ ಹಾಗೆ ಹೇಗೆ ಸೇರಿಸಿದೆ, ನೀರು ಇಳಿದ ಮೇಲೆ ಒದ್ದೆ ಪಟ್ಟಿ ನಿಧಾನಕ್ಕೆ ಒಣಗುವ ಹಾಗೆ ಹೇಗೆ ಮಾಡಿದೆ ಅಂತ ಮೂರು ಜನ ಕೇಳಿದ್ದಾರೆ. ಹೇಳುವುದಿಲ್ಲ. ಸದ್ಯಕ್ಕೆ ಅದು ನನ್ನ ಅನ್ನ. ಒಂದು ಸುಳಿವು ಕೊಡುತ್ತೇನೆ, ಶೇಡರ್‌ನಲ್ಲಿ (ಮೇಲ್ಮೈಯ ಬಣ್ಣ ಬೆಳಕು ಲೆಕ್ಕ ಹಾಕುವ ಕೋಡಿನಲ್ಲಿ) ಸಮಯ ನೋಡಬೇಡಿ, ನೀರು ಕೊನೆಯ ಸಲ ಅಲ್ಲಿ ಮುಟ್ಟಿದ್ದು ಯಾವಾಗ ಅಂತ ನೋಡಿ. ಉಳಿದದ್ದು ನೀವೇ ಒದ್ದಾಡಿ.

ಮೊದಲ ಸಲ ಸರಿಯಾಗಿ ನೀರು ಇಳಿದದ್ದು ರಾತ್ರಿ ಎರಡು ಗಂಟೆಗೆ. ಒಂದು ಪೂರ್ತಿ ಉಬ್ಬರ ಇಳಿತಕ್ಕೆ 24 ನಿಮಿಷ ಇಟ್ಟಿದ್ದೆ. ಸುಮ್ಮನೆ ಕೂತು ನೋಡಿದೆ. ಎಂಟನೇ ನಿಮಿಷಕ್ಕೆ ಕೊಲ್ಲಿಯ ನಡುವೆ ಕಂದು ಬಣ್ಣದ ಒಂದು ಬೆನ್ನು ಎದ್ದಿತು. ಆಮೇಲೆ ಅದರ ಪಕ್ಕ ಇನ್ನೊಂದು. ನಡುವೆ ನೀರು ಸಣ್ಣಗೆ ಹರಿದು ಹೊರಗೆ ಹೋಗುತ್ತಿತ್ತು. ಸ್ಮಶಾನದ ಗುಡ್ಡದ ಕೆಳಗೆ ದಾರಿ ಕಾಣಿಸಿತು, ನಾನು ಎಳೆದ ದಾರಿಯಲ್ಲ, ಗೆರೆಗಳಿಂದ ತಾನಾಗಿ ಬಂದ ದಾರಿ. ಚಿತ್ರದಲ್ಲಿ ಹೋಲಿಸಿ ನೋಡಿದರೆ ಜನ ನಡೆಯುವ ಜಾಗಕ್ಕೆ ಬಹಳ ಹತ್ತಿರ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಚೆನ್ನಾಗಿದೆ, ನೀರು ಹೋಯ್ತು, ಮಲಗಿ" ಅಂದಳು.

ಇನ್ನು ಕತೆಯ ವಿಷಯ. ನಾನು ಹಿಡಿದದ್ದು 1698. ಹೆಸರಾಂತ ಕಡಲ್ಗಳ್ಳ ವಿಲಿಯಂ ಕಿಡ್ ತನ್ನ ಹಡಗು 'ಅಡ್ವೆಂಚರ್ ಗ್ಯಾಲಿ'ಯನ್ನು ಇಲ್ಲಿಗೆ ತಂದ ವರ್ಷ. 34 ತೋಪು, 46 ಹುಟ್ಟು ಇದ್ದ ಹಡಗು, ಕಟ್ಟಿ ಮೂರು ವರ್ಷ ಆಗಿರಲಿಲ್ಲ, ಆಗಲೇ ಸೋರುತ್ತಿತ್ತು. ಹಗ್ಗ ಸುತ್ತಿ ಬಿಗಿದು, ಹಗಲು ರಾತ್ರಿ ಪಂಪ್ ಹೊಡೆದುಕೊಂಡು ಸಾಂತ್ ಮರೀಗೆ ತಂದರು. ಅಲ್ಲಿ ಅವನ ಹೆಚ್ಚಿನ ಜನ ಅವನನ್ನು ಬಿಟ್ಟು ಇನ್ನೊಬ್ಬ ಕಡಲ್ಗಳ್ಳ ರಾಬರ್ಟ್ ಕಲಿಫರ್ಡ್‌ನ ಕಡೆ ಸೇರಿದರು. ಗ್ಯಾಲಿ ಅಲ್ಲೇ ಮುಗಿಯಿತು. ಕಿಡ್ ತಾನು ಹಿಡಿದಿದ್ದ 'ಕ್ವೆಡಾ ಮರ್ಚಂಟ್' ಹತ್ತಿ ಹೋದ, 1701ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ. ನನ್ನ ಗೇಮಿನಲ್ಲಿ ನೀವು ಆ ಸೋರುವ ಹಡಗಿನ ಬಡಗಿ. ಹಡಗನ್ನು ಉಳಿಸಬೇಕೋ ಕಲಿಫರ್ಡ್ ಕಡೆ ಓಡಬೇಕೋ ನಿಮಗೆ ಬಿಟ್ಟದ್ದು. ಉಳಿಸಲು ಸಾಧ್ಯವಾ ಅಂತ ಕೇಳುತ್ತಾರೆ. ಸಾಧ್ಯ, ಈವರೆಗೆ ಇಬ್ಬರು ಮಾಡಿದ್ದಾರೆ.

ಇತಿಹಾಸದಲ್ಲಿ ಎಡವಿದ್ದು ಒಂದೆರಡಲ್ಲ. ಸಾಂತ್ ಮರೀ ಅಂದ್ರೆ ಲವಂಗ ಅಂತ ಎಲ್ಲ ಕಡೆ ಓದಿದ್ದೆ, ಗುಡ್ಡದ ತುಂಬ ಲವಂಗದ ಮರ ನೆಟ್ಟೆ. ಒಂದು ಮರಕ್ಕೆ ಮೂರು ದಿನ ಹಿಡಿದಿತ್ತು. ಆಮೇಲೆ ಗೊತ್ತಾಯ್ತು, ಲವಂಗ ಅಲ್ಲಿಗೆ ಬಂದದ್ದು 19ನೇ ಶತಮಾನದಲ್ಲಿ. ಕಿತ್ತೆ. ಪಟ್ಟಣದ ಚರ್ಚು ಚಂದ ಅಂತ ಮಾಡಿದೆ, ಅದೂ 19ನೇ ಶತಮಾನದ್ದೇ. ಕಿತ್ತೆ. ಅಂಗಡಿಯವನಾಗಿ ಆಡಂ ಬಾಲ್ಡ್ರಿಜ್‌ನನ್ನು ಕೂರಿಸಿದ್ದೆ. ಇವನು 1691ರಲ್ಲಿ ಅಲ್ಲಿ ನೆಲೆಯೂರಿ, ನ್ಯೂಯಾರ್ಕಿನ ವ್ಯಾಪಾರಿ ಫ್ರೆಡರಿಕ್ ಫಿಲಿಪ್ಸ್‌ನ ಹಡಗಿನಲ್ಲಿ ಬರುತ್ತಿದ್ದ ಬಟ್ಟೆ, ರಮ್ಮು, ತೋಪಿನ ಮದ್ದು ಎಲ್ಲ ಕಳ್ಳರಿಗೆ ಮಾರುತ್ತಿದ್ದವನು. ಗೇಮಿಗೆ ಇಂಥ ಪಾತ್ರ ಸಿಕ್ಕರೆ ಬಿಡುತ್ತೀರಾ? ದನಿ ಕೊಡಿಸಿ ಆರು ಸಾವಿರ ಖರ್ಚೂ ಮಾಡಿದೆ. ಅವನು 1697ರಲ್ಲೇ ದ್ವೀಪ ಬಿಟ್ಟಿದ್ದ. ಬಿಟ್ಟಿದ್ದಲ್ಲ, ಊರಿನ ಜನರನ್ನೇ ಗುಲಾಮರಾಗಿ ಮಾರಿದ್ದಕ್ಕೆ ಅವರು ತಿರುಗಿಬಿದ್ದರು, ಉಳಿದಿದ್ದ ಕಳ್ಳರನ್ನು ಕೊಂದರು. ಮೊದಲು ಬೇಜಾರಾಯ್ತು. ಆಮೇಲೆ ಯೋಚಿಸಿದರೆ ಇದೇ ಒಳ್ಳೆಯದು. ಈಗ ನನ್ನ ಗೇಮಿನಲ್ಲಿ ಅವನ ಸುಟ್ಟ ಗೋದಾಮು ಇದೆ, ಅವನ ಬಗ್ಗೆ ಊರವರು ಮಾತಾಡುತ್ತಾರೆ. ಬೇರೆ ಗೇಮುಗಳಲ್ಲಿ ದ್ವೀಪದ ಜನ ಸುಮ್ನೆ ಬುಟ್ಟಿ ಹೊತ್ತು ಓಡಾಡುತ್ತಾರೆ. ಇಲ್ಲಿ ಅವರನ್ನು ರೇಗಿಸಿದರೆ ಅಕ್ಕಿ ಸಿಗುವುದಿಲ್ಲ, ದನ ಸಿಗುವುದಿಲ್ಲ, ಹಡಗು ಎಳೆಯಲು ಕೈಯೂ ಸಿಗುವುದಿಲ್ಲ. ಆ ಆರು ಸಾವಿರದ ದನಿ ಈಗ ಒಂದು ಕನಸಿನ ದೃಶ್ಯದಲ್ಲಿ ಬಳಕೆಯಾಗಿದೆ, ಬಿಸಾಡಲು ಮನಸ್ಸು ಬರಲಿಲ್ಲ.

ಸ್ಮಶಾನದಲ್ಲಿ ಮಾತ್ರ ನಾನು ಸುಳ್ಳು ಹೇಳಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಅಲ್ಲಿ ಈಗ ಇರುವ ಕಲ್ಲುಗಳು ಹೆಚ್ಚಿನವು 19ನೇ ಶತಮಾನದವು. ತಲೆಬುರುಡೆ, ಅಡ್ಡ ಎಲುಬು ಕೆತ್ತಿದ ಆ ಹೆಸರಾಂತ ಕಲ್ಲಿನ ಮೇಲೆ ಇರುವುದು 1834. ತಲೆಬುರುಡೆ ಆಗ ಸಾವಿನ ಗುರುತು, ಕಳ್ಳರದ್ದೇ ಆಗಬೇಕು ಅಂತಿಲ್ಲ. 1698ರಲ್ಲಿ ಕಲ್ಲು ಹಾಕಿದರೆ ತಪ್ಪು. ಹಾಕದಿದ್ದರೆ ಆಡುವವರು "ಇಷ್ಟು ಕೆಸರು ದಾಟಿ ಬಂದದ್ದು ಈ ನಾಲ್ಕು ಗುಪ್ಪೆ ನೋಡೋಕಾ?" ಅಂತಾರೆ. ಪರೀಕ್ಷೆಗೆ ಆಡಿದ ಹನ್ನೊಂದು ಜನರಲ್ಲಿ ಒಂಬತ್ತು ಜನ ಇದೇ ಹೇಳಿದರು. ಮರದ ಹಲಗೆಯ ಮೇಲೆ ಬುರುಡೆ ಕೆತ್ತಿ ನಿಲ್ಲಿಸಿದೆ. ಹಲಗೆ ಇನ್ನೂರು ವರ್ಷ ಉಳಿಯುವುದಿಲ್ಲ, ಹಾಗಾಗಿ ಇರಲಿಲ್ಲ ಅಂತ ಯಾರೂ ಹೇಳಲಾರರು. ವಕೀಲರ ಬುದ್ಧಿ.

ನಿಧಿಯ ವಿಷಯಕ್ಕೆ ಒಂದು ಕುಚೋದ್ಯ ಇಟ್ಟಿದ್ದೇನೆ. 2015ರಲ್ಲಿ ಸಾಂತ್ ಮರೀ ಕೊಲ್ಲಿಯಲ್ಲಿ ಕಿಡ್‌ನ ಬೆಳ್ಳಿ ಸಿಕ್ಕಿತು ಅಂತ 50 ಕಿಲೋದ ಗಟ್ಟಿಯೊಂದನ್ನು ಮೇಲೆತ್ತಿ ದೊಡ್ಡ ಸುದ್ದಿ ಆಗಿತ್ತು. ಯುನೆಸ್ಕೋ ತಜ್ಞರು ಪರೀಕ್ಷೆ ಮಾಡಿದರೆ 95 ಪಾಲು ಸೀಸ, ಬೆಳ್ಳಿಯೇ ಇಲ್ಲ. ನನ್ನ ಗೇಮಿನಲ್ಲೂ ಪೂರ್ತಿ ಇಳಿತದಲ್ಲಿ ಕೊಲ್ಲಿಯ ಒಂದು ಮೂಲೆಯಲ್ಲಿ ಹೊಳೆಯುವ ಗಟ್ಟಿ ಸಿಗುತ್ತದೆ. ಹೊತ್ತರೆ ನಿಮ್ಮ ನಡಿಗೆ ಅರ್ಧ ವೇಗಕ್ಕೆ ಇಳಿಯುತ್ತದೆ, ನೀರು ಏರುತ್ತಾ ಬರುತ್ತದೆ, ಒದ್ದಾಡಿಕೊಂಡು ದಡ ಸೇರಿ ಮಾರಲು ಹೋದರೆ ಅಂಗಡಿಯವನು ಉಗುರಲ್ಲಿ ಗೀರಿ "ಸೀಸ" ಅನ್ನುತ್ತಾನೆ. ಇದಕ್ಕೆ ಬಂದಷ್ಟು ಬೈಗುಳ ಬೇರೆ ಯಾವುದಕ್ಕೂ ಬಂದಿಲ್ಲ.

ತಿಮಿಂಗಿಲ ಕೈಕೊಟ್ಟಿತು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಗೂನುಬೆನ್ನಿನ ತಿಮಿಂಗಿಲಗಳು ಆ ಕಾಲುವೆಗೆ ಮರಿ ಹಾಕಲು ಬರುತ್ತವೆ. ಹಾಕಲೇಬೇಕು ಅನ್ನಿಸಿತು. ಮಾಡೆಲ್, ಅನಿಮೇಶನ್ ಸೇರಿ ಹದಿನೆಂಟು ಸಾವಿರ. ಅದರ ದಾರಿ ಹುಡುಕುವ ಕೋಡಿಗೆ ಉಬ್ಬರ ಇಳಿತ ಅರ್ಥ ಆಗಲಿಲ್ಲ. ಒಂದು ದಿನ ದ್ವೀಪದ ನಡುವೆ ಗುಡ್ಡದಿಂದ ಎದ್ದು ಬಾಲ ಬೀಸಿ ಆಚೆ ಹೋಯ್ತು. ಈಗ ದೂರದಲ್ಲಿ ನೀರಿನ ಕಾರಂಜಿ ಮಾತ್ರ ಕಾಣುತ್ತದೆ, ತಿಮಿಂಗಿಲ ಇಲ್ಲ.

ಕೆಸರಿನ ಫೋಟೋ ಕತೆಯೂ ಇದೆ. ಊರಿಗೆ ಹೋದಾಗ ಇಳಿತದಲ್ಲಿ ಮೊಣಕಾಲುವರೆಗೆ ಇಳಿದು ಫೋನಿನಲ್ಲಿ ನಾನೂರು ಫೋಟೋ ತೆಗೆದೆ, ಫೋಟೋಗ್ರಾಮೆಟ್ರಿ, ಅಂದರೆ ಫೋಟೋಗಳಿಂದ 3ಡಿ ಆಕಾರ ಕಟ್ಟುವುದು, ಮಾಡೋಣ ಅಂತ. ಒದ್ದೆ ಕೆಸರು ಕನ್ನಡಿ ಇದ್ದ ಹಾಗೆ. ಸಾಫ್ಟ್‌ವೇರ್ ಆಕಾಶವನ್ನೇ ನೆಲ ಅಂತ ತಿಳಿದು ಹೊಂಡ ಹೊಂಡ ಮಾಡಿತು. ಅಪ್ಪನ ಗೆಳೆಯರೊಬ್ಬರು, ದೋಣಿಯವರು, ದಡದಲ್ಲಿ ನಿಂತು ನೋಡುತ್ತಿದ್ದರು. "ತಮಾ, ಬಿಸಿಲಲ್ಲಿ ಕೆಸರು ಮುಖ ತೋರಿಸೂದಿಲ್ಲ, ಮೋಡ ಇದ್ದಾಗ ಬಾ" ಅಂದರು. ಮರುದಿನ ಮೋಡ ಇತ್ತು, ನೀರು ಪೂರ್ತಿ ಬಸಿದ ಜಾಗದಲ್ಲಿ ತೆಗೆದೆ, ಸರಿಬಂತು. ಅವರಿಗೆ ಫೋಟೋಗ್ರಾಮೆಟ್ರಿ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಗೇಮಿನಲ್ಲಿ ಆ ಕೆಸರು ಮಡಗಾಸ್ಕರ್‌ನದ್ದಲ್ಲ, ಅಘನಾಶಿನಿಯದ್ದು. ಈಗ ಎಲ್ಲರಿಗೂ ಗೊತ್ತಾಯ್ತು.

2024ರ ಫೆಬ್ರುವರಿಯಲ್ಲಿ 'ಸ್ಕಲ್ ಆಂಡ್ ಬೋನ್ಸ್' ಅನ್ನುವ ದೊಡ್ಡ ಕಡಲ್ಗಳ್ಳರ ಗೇಮು ಬಂತು, ಹಿಂದೂ ಮಹಾಸಾಗರವನ್ನೇ ಇಟ್ಟುಕೊಂಡು. ಅವತ್ತು ನನಗೆ ಬಂದ ಮೆಸೇಜುಗಳು ಸಂತಾಪ ಸಭೆಯ ಹಾಗಿದ್ದವು. "ಮುಗೀತಲ್ಲೋ ನಿನ್ನ ಕತೆ." ಆಡಿ ನೋಡಿದೆ. ಅವರ ಸಮುದ್ರ ನನ್ನದಕ್ಕಿಂತ ನೂರು ಪಾಲು ಚಂದ. ನೀರು ಮಾತ್ರ ಇಳಿಯುವುದಿಲ್ಲ. ನೆಮ್ಮದಿಯಿಂದ ನಿದ್ದೆ ಬಂತು.

ಬಿಡುಗಡೆಯ ಮೊದಲ ವಾರ ನಲವತ್ತಕ್ಕೂ ಜಾಸ್ತಿ ಬಗ್ ದೂರು, ಅದರಲ್ಲಿ ಮೂವತ್ತು ಒಂದೇ. "ಹಡಗು ನೆಲದಲ್ಲಿ ಸಿಕ್ಕಿಕೊಂಡಿದೆ, ಅಲುಗುತ್ತಿಲ್ಲ." ಹೌದಪ್ಪಾ, ಇಳಿತ! ಕೆಸರಿನ ಮಾತು ಹೇಳಿದ್ದ ಅವನೇ ಫೋನ್ ಮಾಡಿ "ನಾನು ಹೇಳಿದ್ದೆನಲ್ಲ" ಅಂದ. ಮೂಲೆಯಲ್ಲಿ ನೀರಿನ ಮಟ್ಟದ ಪಟ್ಟಿ ಹಾಕು ಅಂದರು ಎಲ್ಲರೂ. ನನಗೆ ಇಷ್ಟ ಇರಲಿಲ್ಲ. ಬದಲಿಗೆ ಕೊಕ್ಕರೆ ಬಿಟ್ಟೆ. ನೀರು ಮೊಣಕಾಲಿಗಿಂತ ಕಡಿಮೆ ಆಗಲಿರುವ ಜಾಗಕ್ಕೆ ಒಂದೂವರೆ ನಿಮಿಷ ಮೊದಲೇ ಹಕ್ಕಿಗಳು ಬಂದು ಇಳಿಯುತ್ತವೆ. ಜೊತೆಗೆ ಹಡಗಿನ ಮೇಲೆ ಒಬ್ಬ ಹಗ್ಗ ಬಿಟ್ಟು ಆಳ ಕೂಗುತ್ತಾನೆ. ಅಷ್ಟೇ. ಎರಡು ವಾರದಲ್ಲಿ ದೂರು ನಿಂತಿತು. ಆಮೇಲೆ ಆಡುವವರೇ ಶತ್ರು ಹಡಗನ್ನು ಕೊಲ್ಲಿಗೆ ಎಳೆದು ತಂದು ಇಳಿತದಲ್ಲಿ ಕೂರಿಸಿ, ನಡೆದು ಹೋಗಿ ಹಿಡಿಯಲು ಶುರು ಮಾಡಿದರು. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಈಗ ಯಾರಾದರೂ ಕೇಳಿದರೆ ಮೊದಲಿಂದಲೇ ಹಾಗೆ ಮಾಡಿದ್ದು ಅನ್ನುತ್ತೇನೆ.

ದುಡ್ಡಿನ ಲೆಕ್ಕ, ನೆನಪಿನಿಂದ. ಗ್ರಾಫಿಕ್ಸ್ ಕಾರ್ಡ್ 60 ಸಾವಿರದ ಆಸುಪಾಸು. ವ್ಯರ್ಥವಾದ ಕೆರಿಬಿಯನ್ ಅಸೆಟ್ ಪ್ಯಾಕ್‌ಗಳು 14 ಸಾವಿರ. ಕೊಲ್ಲಿ ಕೆತ್ತಿಸಿದ 40. ತಿಮಿಂಗಿಲ 18. ದನಿ, ಸಂಗೀತ ಸೇರಿ 70. ಗೇಮು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಶುಲ್ಕ 100 ಡಾಲರ್, ಸುಮಾರು ಎಂಟೂವರೆ ಸಾವಿರ. ಇನ್ನೂ ಅದು ಇದು ಸೇರಿ ನಾಲ್ಕು ಲಕ್ಷ ದಾಟಿದೆ, ನನ್ನ ಸಂಬಳ ಲೆಕ್ಕಕ್ಕೆ ಇಲ್ಲ. ಒಂದು ಪ್ರಕಾಶಕ ಸಂಸ್ಥೆ ನಡುವೆ ಬಂದು "ದ್ವೀಪ ಕೆರಿಬಿಯನ್‌ಗೆ ಬದಲಾಯಿಸಿದರೆ ಹತ್ತು ಲಕ್ಷ ಮುಂಗಡ" ಅಂದಿತ್ತು. ಎರಡು ದಿನ ನಿದ್ದೆ ಮಾಡಲಿಲ್ಲ, ಬೇಡ ಅಂದೆ. ಈಗ ಎಂಟು ತಿಂಗಳಾಯ್ತು. ಸ್ಟೀಮ್‌ನ 30 ಪಾಲು ಕಳೆದು, ತೆರಿಗೆ ಕಳೆದು ಕೈಗೆ ಬಂದದ್ದು ಆರೂಕಾಲು ಲಕ್ಷದ ಹತ್ತಿರ. ಶ್ರೀಮಂತ ಆಗಿಲ್ಲ. ಸಾಲ ಇಲ್ಲ. ಹಳೆಯ 1650 ಗ್ರಾಫಿಕ್ಸ್ ಕಾರ್ಡಿನ ಲ್ಯಾಪ್‌ಟಾಪಿನಲ್ಲೂ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ ಅನ್ನುವುದು ನನಗೆ ದುಡ್ಡಿಗಿಂತ ದೊಡ್ಡ ಹೆಮ್ಮೆ. ಒಂದು ಕಾಲದಲ್ಲಿ ಕಾಂಡ್ಲಾ ಗಿಡದ ಎಲೆ ಮತ್ತು ನೀರು ಒಟ್ಟಿಗೆ ಕಂಡರೆ 17ಕ್ಕೆ ಬೀಳುತ್ತಿತ್ತು. ಎಲೆ ಕಡಿಮೆ ಮಾಡಿ ಬೇರು ಜಾಸ್ತಿ ಮಾಡಿದೆ, ಬೇರಿಗೆ ಪಾರದರ್ಶಕತೆ ಬೇಡವಲ್ಲ.

ಈಗ ಎರಡನೇ ಮ್ಯಾಪ್ ಹಿಡಿದಿದ್ದೇನೆ, ಕಾರವಾರ. ಕಿಡ್ ಸಾಂತ್ ಮರೀಗೆ ಹೋಗುವ ಮೊದಲು, 1697ರ ಸೆಪ್ಟೆಂಬರಿನಲ್ಲಿ ನೀರು ಸಾಮಾನು ತುಂಬಲು ಬಂದದ್ದು ಅಲ್ಲಿಗೇ. ಇಂಗ್ಲಿಷರ ವ್ಯಾಪಾರದ ಕೋಠಿ ಇತ್ತು. ಅವನ ಕೆಲವರು ಅಲ್ಲೇ ಹಡಗು ಬಿಟ್ಟು ಓಡಿದರು, ಗೋವಾದಿಂದ ಬಂದ ಎರಡು ಪೋರ್ಚುಗೀಸ್ ಹಡಗು ಬೆನ್ನು ಹತ್ತಿದವು. ಉಪಗ್ರಹದ ಚಿತ್ರ ಇಳಿಸಿಕೊಂಡಿದ್ದೇನೆ, ಇಲ್ಲಿ ಮಳೆಗಾಲ ಬಿಟ್ಟರೆ ಮೋಡದ ಕಾಟ ಕಡಿಮೆ, ಈಗಾಗಲೇ ಇಪ್ಪತ್ತು ಗೆರೆ ಆಗಿವೆ. ಹೊಸ ಬ್ರೇಕ್‌ವಾಟರ್, ಬಂದರು, ಹೆದ್ದಾರಿ ಎಲ್ಲ ಅಳಿಸಬೇಕು, ಅದಕ್ಕೇ ತಿಂಗಳು ಬೇಕು. ಕಾಳಿ ನದಿಯ ಅಳಿವೆಯ ಮರಳು ದಿಬ್ಬಗಳು ಮಾತ್ರ ಒಂದು ಚಿತ್ರದಲ್ಲಿ ಇದ್ದ ಕಡೆ ಇನ್ನೊಂದರಲ್ಲಿ ಇಲ್ಲ, ಗೆರೆಗಳು ಒಂದನ್ನೊಂದು ದಾಟುತ್ತಿವೆ. ಬರುವ ಭಾನುವಾರ ಬೆಳಿಗ್ಗೆ ಇಳಿತ ಇದೆ. ಕೋಡಿಬಾಗಕ್ಕೆ ಹೋಗಿ ನಿಂತು ನೋಡಬೇಕು.